ನಾಯಿಗೆ ಏನು ಕೊಡಬೇಕು? ಏನು ಕೊಡಬಾರದು?

(7ನೇ ತರಗತಿ, ವಿಜ್ಞಾನ ವಿಭಾಗ. ಲೇಖನ ಉದ್ದವಾದ್ದರಿಂದ ಎರಡು ಚಾರ್ಟ್ ಹಾಳೆಯಲ್ಲಿ ಬರೆದಿದೆ. ಎಡಗಡೆಯಿಂದ ಓದಿರಿ.)

ಪೀಠಿಕೆ

ನಾಯಿ ಒಂದು ಸಾಕುಪ್ರಾಣಿ. ಅದು ನಿಯತ್ತಿನ ಪ್ರಾಣಿ. ಅದು ಮನೆ ಕಾಯುತ್ತದೆ. ಈ ಮೂರು ವಾಕ್ಯಗಳನ್ನು ನಾವೆಲ್ಲರೂ ಒಂದನೇ ತರಗತಿಯಿಂದ ಬರೆಯುತ್ತಾ ಬಂದಿದ್ದೇವೆ. ಆದರೆ ಮನೆ ಕಾಯುವ ಆ ಪ್ರಾಣಿಗೆ ನಾವು ಪ್ರೀತಿಯಿಂದ ಕೊಡುವ ತಿಂಡಿ ಅದಕ್ಕೆ ಒಳ್ಳೆಯದೋ ಕೆಟ್ಟದ್ದೋ ಅಂತ ಯಾರೂ ಯೋಚನೆ ಮಾಡುವುದಿಲ್ಲ. ನಾವು ತಿನ್ನುವುದನ್ನೆಲ್ಲಾ ಅದಕ್ಕೂ ಒಂದು ಚೂರು ಹಾಕಿಬಿಡುತ್ತೇವೆ. ಅದು ಬಾಲ ಅಲ್ಲಾಡಿಸಿಕೊಂಡು ತಿನ್ನುತ್ತದೆ. ತಿಂದ ಮೇಲೆ ಏನಾಯ್ತು ಅಂತ ನೋಡುವವರು ಕಡಿಮೆ.

ನಮ್ಮ ಮಂಡ್ಯ ಜಿಲ್ಲೆಯವರು ನಾಯಿಯನ್ನು ಮೊದಲಿನಿಂದಲೂ ಗೌರವದಿಂದ ನೋಡಿದವರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದ್ದರು. ಆ ನಾಯಿಯ ಹೆಸರು ಕಾಳಿ. ಗಂಗರ ದೊರೆ ಬೂತುಗನು ತನ್ನ ವೀರನಾದ ಮಣಲೇರನಿಗೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇರೆ ಏನನ್ನೂ ಕೇಳದೆ ಈ ನಾಯಿಯನ್ನು ಕೇಳಿ ಪಡೆದನಂತೆ. ಕಾಳಿ ಒಂದು ದೊಡ್ಡ ಹಂದಿಯ ಜೊತೆ ಹೋರಾಡಿತು. ಕೊನೆಗೆ ಎರಡೂ ಸತ್ತವು. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಬಾರದು ಅಂತಲೂ ಅದರಲ್ಲಿ ಬರೆಸಿದ್ದಾರೆ. ಈ ಶಾಸನ ಕ್ರಿ.ಶ. 949-50ರದ್ದು. ಈಗ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಸಾವಿರ ವರ್ಷದ ಹಿಂದೆ ನಾಯಿಗೆ ಕಲ್ಲು ನಿಲ್ಲಿಸಿದ ಜಿಲ್ಲೆಯವರು ನಾವು. ಬದುಕಿರುವ ನಾಯಿಗೆ ಸರಿಯಾದ ತಿಂಡಿ ಹಾಕುವುದನ್ನಾದರೂ ಕಲಿಯಬೇಡವೇ?

ನಾಯಿಯ ಹೊಟ್ಟೆ ನಮ್ಮ ಹೊಟ್ಟೆಯಂತಲ್ಲ

ನಾಯಿ ತೋಳದ ಜಾತಿಯಿಂದ ಬಂದ ಪ್ರಾಣಿ. ತೋಳ ಬೇಟೆಯಾಡಿ ಮಾಂಸ ತಿನ್ನುತ್ತದೆ. ನಾಯಿ ಸಾವಿರಾರು ವರ್ಷಗಳಿಂದ ಮನುಷ್ಯನ ಜೊತೆ ಇದ್ದು ಇದ್ದು ನಮ್ಮ ಊಟಕ್ಕೂ ಒಗ್ಗಿಕೊಂಡಿದೆ. 2013ರಲ್ಲಿ ಸ್ವೀಡನ್ ದೇಶದ ವಿಜ್ಞಾನಿಗಳು ಒಂದು ವಿಷಯ ಕಂಡುಹಿಡಿದರು. ಪಿಷ್ಟವನ್ನು ಜೀರ್ಣ ಮಾಡುವ ಅಮೈಲೇಸ್ ಎಂಬ ಕಿಣ್ವ ನಮ್ಮ ಪಾಠದಲ್ಲಿ ಬಂದಿದೆ. ಆ ಕಿಣ್ವವನ್ನು ತಯಾರಿಸುವ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಜಾಸ್ತಿ ಇವೆ. ಅದಕ್ಕೇ ನಮ್ಮೂರ ನಾಯಿಗಳು ಮುದ್ದೆ, ಅನ್ನ, ರೊಟ್ಟಿ ತಿಂದು ಅರಗಿಸಿಕೊಳ್ಳುತ್ತವೆ.

ಆದರೆ ಎಲ್ಲವನ್ನೂ ಅರಗಿಸಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಅದಕ್ಕೆ ಕಾರಣಗಳು ಹೀಗಿವೆ.

1. ನಾಯಿಯ ದೇಹ ಚಿಕ್ಕದು. ನಮ್ಮ ಅಪ್ಪನ ತೂಕ 60 ಕೆ.ಜಿ. ಇದ್ದರೆ ನಾಯಿ 10-15 ಕೆ.ಜಿ. ಇರುತ್ತದೆ. ನಮಗೆ ಒಂದು ಚೂರು ಎನ್ನಿಸುವುದು ಅದಕ್ಕೆ ದೊಡ್ಡ ತುಂಡು.

2. ಕೆಲವು ಪದಾರ್ಥಗಳನ್ನು ನಮ್ಮ ಪಿತ್ತಜನಕಾಂಗ ಬೇಗ ಕರಗಿಸಿ ಹೊರಗೆ ಹಾಕುತ್ತದೆ. ನಾಯಿಯದು ನಿಧಾನ. ಅಷ್ಟು ಹೊತ್ತು ಆ ಪದಾರ್ಥ ರಕ್ತದಲ್ಲೇ ಸುತ್ತುತ್ತಿರುತ್ತದೆ.

3. ಬೆಳೆದ ನಾಯಿಗೆ 42 ಹಲ್ಲು ಇದ್ದರೂ ಅದು ನಮ್ಮಂತೆ ಅಗಿದು ಅಗಿದು ತಿನ್ನುವುದಿಲ್ಲ. ಗಬಗಬನೆ ನುಂಗಿಬಿಡುತ್ತದೆ.

4. ನಮ್ಮ ನಾಲಿಗೆಯಲ್ಲಿ ಸುಮಾರು 9000 ರುಚಿ ಮೊಗ್ಗುಗಳಿದ್ದರೆ ನಾಯಿಗೆ ಸುಮಾರು 1700 ಇವೆ. ಅದು ರುಚಿಗಿಂತ ಹೆಚ್ಚಾಗಿ ವಾಸನೆ ನೋಡಿ ತಿನ್ನುತ್ತದೆ. ಆದ್ದರಿಂದ ಅದಕ್ಕೆ ಉಪ್ಪು, ಖಾರ, ಮಸಾಲೆ, ಒಗ್ಗರಣೆ ಯಾವುದೂ ಬೇಕಾಗಿಲ್ಲ.

ಇನ್ನೊಂದು ಮಾತು. "ಅದು ತಿಂತು ಅಂದ ಮೇಲೆ ಅದಕ್ಕೆ ಒಳ್ಳೇದೇ ಬಿಡು" ಅಂತ ದೊಡ್ಡವರು ಹೇಳುವುದನ್ನು ಕೇಳಿದ್ದೇವೆ. ಇದು ತಪ್ಪು. ಬಾಡಿನ ವಾಸನೆ ಇದ್ದರೆ ನಾಯಿ ಪ್ಲಾಸ್ಟಿಕ್ ಕವರನ್ನೂ ತಿನ್ನುತ್ತದೆ. ತಿನ್ನುವುದು ಬೇರೆ, ಒಗ್ಗುವುದು ಬೇರೆ.

ತಿಂಡಿ ಎಷ್ಟು ಕೊಡಬೇಕು? (ಲೆಕ್ಕ)

ಊಟ ಬೇರೆ, ತಿಂಡಿ ಬೇರೆ. ನಾಯಿ ಹೇಳಿದ ಮಾತು ಕೇಳಿದಾಗ, ಆಟ ಆಡಿಸುವಾಗ, ಮುದ್ದು ಮಾಡುವಾಗ ಕೊಡುವುದು ತಿಂಡಿ. ದಿನಕ್ಕೆ ಬೇಕಾದ ಒಟ್ಟು ಶಕ್ತಿಯಲ್ಲಿ ತಿಂಡಿಯ ಪಾಲು ನೂರಕ್ಕೆ 10 ದಾಟಬಾರದು ಎಂಬುದು ಪಶುವೈದ್ಯರು ಹೇಳುವ ನಿಯಮ. ಶೇಕಡಾ ಲೆಕ್ಕ ನಮಗೆಲ್ಲ ಬರುತ್ತದೆ. ಮಾಡಿ ನೋಡೋಣ.

10 ಕೆ.ಜಿ. ತೂಕದ ಬೆಳೆದ ನಾಯಿಗೆ ದಿನಕ್ಕೆ ಬೇಕಾದ ಶಕ್ತಿ = ಸುಮಾರು 600 ಕಿಲೊ ಕ್ಯಾಲೊರಿ
ಅದರಲ್ಲಿ ಶೇಕಡಾ 10 = 60 ಕಿಲೊ ಕ್ಯಾಲೊರಿ
100 ಗ್ರಾಂ ಗ್ಲುಕೋಸ್ ಬಿಸ್ಕತ್ತಿನಲ್ಲಿ ಇರುವುದು = ಸುಮಾರು 450 ಕಿಲೊ ಕ್ಯಾಲೊರಿ
5 ಗ್ರಾಂ ತೂಕದ ಒಂದು ಬಿಸ್ಕತ್ತಿನಲ್ಲಿ = 22.5 ಕಿಲೊ ಕ್ಯಾಲೊರಿ
60ನ್ನು 22.5ರಿಂದ ಭಾಗಿಸಿದರೆ = ಎರಡೂವರೆಗಿಂತ ಸ್ವಲ್ಪ ಜಾಸ್ತಿ

ಅಂದರೆ ದಿನಕ್ಕೆ ಮೂರು ಬಿಸ್ಕತ್ತು ಹಾಕಿದರೂ ಲೆಕ್ಕ ದಾಟಿತು. ಆದರೆ ನಮ್ಮಲ್ಲಿ ಕೆಲವರು ಒಂದು ಪೊಟ್ಟಣ ಪೂರ್ತಿ ಹಾಕ್ತಾರೆ! ಆ ಬಿಸ್ಕತ್ತಿನಲ್ಲಿ ಸುಮಾರು ಕಾಲು ಭಾಗ ಬರೀ ಸಕ್ಕರೆ, ಉಳಿದದ್ದು ಬಹುಪಾಲು ಮೈದಾ. ದಿನಾ ತಿಂದರೆ ನಾಯಿ ದಪ್ಪಗಾಗುತ್ತದೆ, ಹಲ್ಲು ಹಾಳಾಗುತ್ತದೆ, ಹೊಟ್ಟೆ ತುಂಬಿ ಊಟ ಬಿಡುತ್ತದೆ. ಬಿಸ್ಕತ್ತು ವಿಷವಲ್ಲ. ಯಾವತ್ತಾದರೂ ಅರ್ಧ ಕೊಟ್ಟರೆ ತೊಂದರೆಯಿಲ್ಲ. ಆದರೆ ಅದು ನಾಯಿಯ ಆಹಾರವಲ್ಲ.

ನಾಯಿಯ ತೂಕ ತಿಳಿಯುವುದು ಹೇಗೆ? ಮೊದಲು ನೀವು ಒಬ್ಬರೇ ತಕ್ಕಡಿ ಮೇಲೆ ನಿಂತು ತೂಕ ನೋಡಿ. ಆಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು ನೋಡಿ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆಯಿರಿ. ಉತ್ತರವೇ ನಾಯಿಯ ತೂಕ.

ಕೊಡಬಹುದಾದ ತಿಂಡಿಗಳು

ಪೇಟೆಯಲ್ಲಿ ನಾಯಿ ತಿಂಡಿ ಅಂತಲೇ ಪೊಟ್ಟಣಗಳಲ್ಲಿ ಮಾರುತ್ತಾರೆ. ಅದಕ್ಕೆ ದುಡ್ಡು ಕೊಡಲು ನಮಗೆ ಆಗಲ್ಲ. ಕೊಡಬೇಕಾಗಿಯೂ ಇಲ್ಲ. ನಮ್ಮ ಹೊಲ, ಹಿತ್ತಿಲಲ್ಲೇ ಒಳ್ಳೆಯ ತಿಂಡಿಗಳಿವೆ.

1. ಗೆಣಸು: ಉಪ್ಪು ಹಾಕದೆ ಬೇಯಿಸಿ, ಸಿಪ್ಪೆ ತೆಗೆದು, ಆರಿಸಿ, ಸಣ್ಣ ತುಂಡು ಮಾಡಿ ಕೊಡಬೇಕು. ಹಸಿಯದು ಬೇಡ.

2. ಸಿಹಿಗುಂಬಳ: ಬೇಯಿಸಿದ್ದು ಎರಡು ಚಮಚ. ಇದರಲ್ಲಿ ನಾರಿನ ಅಂಶ ಇದೆ. ಮಲವಿಸರ್ಜನೆ ಸರಾಗ ಆಗುತ್ತದೆ.

3. ಕ್ಯಾರೆಟ್: ಹಸಿಯದೂ ಆಗುತ್ತದೆ, ಬೇಯಿಸಿದ್ದೂ ಆಗುತ್ತದೆ. 100 ಗ್ರಾಂ ಕ್ಯಾರೆಟ್‌ನಲ್ಲಿ ಸುಮಾರು 40 ಕಿಲೊ ಕ್ಯಾಲೊರಿ ಮಾತ್ರ ಇರುವುದರಿಂದ ದಪ್ಪ ನಾಯಿಗೂ ಕೊಡಬಹುದು. ದುಂಡಗೆ ಕತ್ತರಿಸಿದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಸಣ್ಣಗೆ ಉದ್ದುದ್ದ ಸೀಳಬೇಕು.

4. ಹುರುಳಿಕಾಯಿ: ಉಪ್ಪಿಲ್ಲದೆ ಬೇಯಿಸಿದ್ದು.

5. ಕೋಳಿಮೊಟ್ಟೆ: ಬೇಯಿಸಿ ಸಿಪ್ಪೆ ತೆಗೆದದ್ದು. ಒಂದು ಮೊಟ್ಟೆಯಲ್ಲಿ 70 ಕಿಲೊ ಕ್ಯಾಲೊರಿಗಿಂತ ಜಾಸ್ತಿ ಇದೆ. ಆದ್ದರಿಂದ ನಮ್ಮ 10 ಕೆ.ಜಿ. ನಾಯಿಗೆ ತಿಂಡಿಯಾಗಿ ಅರ್ಧ ಮೊಟ್ಟೆ ಸಾಕು.

6. ಕೋಳಿ ಬಾಡು: ಮಸಾಲೆ ಹಾಕುವ ಮೊದಲೇ ಎರಡು ಚೂರು ತೆಗೆದು ನೀರಲ್ಲಿ ಬೇಯಿಸಿದ್ದು. ಮೂಳೆ ಇರಲೇಬಾರದು.

7. ಬಾಳೆಹಣ್ಣು: ಎರಡು ಮೂರು ಚೂರು. ಸಿಪ್ಪೆ ಬೇಡ.

8. ಪರಂಗಿಹಣ್ಣು, ಕಲ್ಲಂಗಡಿ, ಸೇಬು: ಬೀಜ ಮತ್ತು ಸಿಪ್ಪೆ ತೆಗೆದು ಸಣ್ಣ ತುಂಡು.

9. ಮೊಸರು, ಮಜ್ಜಿಗೆ: ಉಪ್ಪು, ಸಕ್ಕರೆ ಇಲ್ಲದ್ದು. ಬೇಸಿಗೆಯಲ್ಲಿ ಮಜ್ಜಿಗೆ ಬಹಳ ಒಳ್ಳೆಯದು.

10. ರಾಗಿಮುದ್ದೆ: ಆರಿದ ಮುದ್ದೆಯನ್ನು ಗೋಲಿ ಗಾತ್ರ ಉಂಡೆ ಮಾಡಿ ಕೊಟ್ಟರೆ ಅದೇ ತಿಂಡಿ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ. 100 ಗ್ರಾಂಗೆ ಸುಮಾರು 340 ಮಿಲಿಗ್ರಾಂ.

ಯಾವುದೇ ಹೊಸ ತಿಂಡಿಯಾದರೂ ಮೊದಲ ದಿನ ಒಂದೇ ಚೂರು ಕೊಟ್ಟು ನೋಡಬೇಕು. ಭೇದಿ, ವಾಂತಿ, ಕೆರೆತ ಆಗದಿದ್ದರೆ ಮುಂದಕ್ಕೆ ಕೊಡಬಹುದು. ಮಾತು ಕಲಿಸುವವರು ಅವರೆಕಾಳಿನಷ್ಟು ಕೊಟ್ಟರೆ ಸಾಕು. ನಾಯಿಗೆ ತಿಂಡಿ ಎಷ್ಟು ದೊಡ್ಡದು ಅನ್ನುವುದಲ್ಲ, ಎಷ್ಟು ಸಲ ಸಿಕ್ಕಿತು ಅನ್ನುವುದೇ ಖುಷಿ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ಒಂದು ಹಳೆ ಬಾಂಡಲಿಯಲ್ಲೋ ತೆಂಗಿನ ಚಿಪ್ಪಿನಲ್ಲೋ ದಿನಾ ಹೊಸ ನೀರು ಇಡಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಕೊಡಬಾರದ ಪದಾರ್ಥಗಳು

ಇದು ಈ ಲೇಖನದ ಮುಖ್ಯ ಭಾಗ. ದಯವಿಟ್ಟು ಮನೆಯಲ್ಲಿಯೂ ಹೇಳಿರಿ.

(1) ಚಾಕಲೇಟು, ಕಾಫಿ, ಟೀ

ಚಾಕಲೇಟನ್ನು ಕೋಕೊ ಬೀಜದಿಂದ ಮಾಡುತ್ತಾರೆ. ಅದರಲ್ಲಿ ಥಿಯೋಬ್ರೊಮಿನ್ ಎಂಬ ವಸ್ತು ಇದೆ. ಅದು ನಮಗೆ ಏನೂ ಮಾಡುವುದಿಲ್ಲ. ನಾಯಿಯ ದೇಹದಲ್ಲಿ ಅದರ ಅರ್ಧ ಭಾಗ ಹೋಗುವುದಕ್ಕೇ ಸುಮಾರು 17 ಗಂಟೆ ಬೇಕು. ನಾಯಿಯ ತೂಕದ ಪ್ರತಿ ಕೆ.ಜಿ.ಗೆ 20 ಮಿಲಿಗ್ರಾಂ ಆದರೆ ವಾಂತಿ, ಭೇದಿ, ಚಡಪಡಿಕೆ ಶುರುವಾಗುತ್ತದೆ. 40-50 ಮಿಲಿಗ್ರಾಂ ಆದರೆ ಎದೆಬಡಿತ ಕೆಡುತ್ತದೆ. 60 ದಾಟಿದರೆ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಕಪ್ಪು ಚಾಕಲೇಟಿನ ಒಂದು ಗ್ರಾಂನಲ್ಲಿ ಸುಮಾರು 5 ಮಿಲಿಗ್ರಾಂ, ಹಾಲಿನ ಚಾಕಲೇಟಿನಲ್ಲಿ ಸುಮಾರು 2 ಮಿಲಿಗ್ರಾಂ ಇರುತ್ತದೆ. 10 ಕೆ.ಜಿ. ನಾಯಿಗೆ 20 x 10 = 200 ಮಿಲಿಗ್ರಾಂ. ಅಂದರೆ ಕಪ್ಪು ಚಾಕಲೇಟಾದರೆ 40 ಗ್ರಾಂಗೇ ಕಾಯಿಲೆ. 2 ಕೆ.ಜಿ. ಮರಿಯಾದರೆ ಬರೀ 8 ಗ್ರಾಂ! ಹುಟ್ಟುಹಬ್ಬದ ದಿನ ಮರಿಗೂ ಒಂದು ಅಂತ ಕೊಡುವವರು ಈ ಲೆಕ್ಕ ನೆನಪಿಡಿ. ಕಾಫಿ, ಟೀಯಲ್ಲಿರುವ ಕೆಫೀನ್ ಕೂಡ ಇದೇ ಜಾತಿಯದು. ಸೋಸಿದ ಕಾಫಿ ಚರಟ, ಟೀ ಚರಟವನ್ನು ನಾಯಿ ಓಡಾಡುವ ಕಡೆ ಚೆಲ್ಲಬೇಡಿ.

(2) ದ್ರಾಕ್ಷಿ, ಒಣದ್ರಾಕ್ಷಿ, ಹುಣಸೆಹಣ್ಣು

ದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಯಾವ ನಾಯಿಗೆ ಎಷ್ಟು ತಿಂದರೆ ಆಗುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಇದಕ್ಕೆ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಕಾರಣ ಇರಬೇಕು ಎಂದು ತಿಳಿಸಿದರು. ವಿಜ್ಞಾನ ಪಾಠದಲ್ಲಿ ಆಮ್ಲಗಳ ಬಗ್ಗೆ ಓದುವಾಗ ಟಾರ್ಟಾರಿಕ್ ಆಮ್ಲ ಎಲ್ಲಿದೆ ಅಂತ ಬರೆದಿದ್ದೆವು? ಹುಣಸೆಹಣ್ಣಿನಲ್ಲಿ! ಆದ್ದರಿಂದ ಹುಣಸೆಹಣ್ಣು, ಗಟ್ಟಿ ಹುಣಸೆ ಹುಳಿ, ಹುಣಸೆ ಚಿಗಳಿ ನಾಯಿಗೆ ಕೊಡಬಾರದು. ಪಾಯಸ, ಕೇಸರಿಬಾತ್ ಉಳಿದರೆ ಅದರಲ್ಲಿ ಒಣದ್ರಾಕ್ಷಿ ಇರುತ್ತದೆ. ಅದನ್ನೂ ಹಾಕಬಾರದು.

(3) ಈರುಳ್ಳಿ, ಬೆಳ್ಳುಳ್ಳಿ

ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಸಿಯಾದರೂ ಅಷ್ಟೆ, ಬೇಯಿಸಿದರೂ ಅಷ್ಟೆ, ಪುಡಿಯಾದರೂ ಅಷ್ಟೆ. ತೊಂದರೆ ಅಂದೇ ಕಾಣುವುದಿಲ್ಲ. ಕೆಲವು ದಿನ ಆದ ಮೇಲೆ ವಸಡು ಬಿಳಿಚಿಕೊಳ್ಳುತ್ತದೆ, ನಾಯಿ ಸುಸ್ತಾಗಿ ಮಲಗುತ್ತದೆ, ಮೂತ್ರ ಕೆಂಪಗೆ ಬರುತ್ತದೆ. ನಾಯಿಯ ಪ್ರತಿ ಕೆ.ಜಿ. ತೂಕಕ್ಕೆ 15 ಗ್ರಾಂ ಈರುಳ್ಳಿಯಿಂದಲೇ ರಕ್ತ ಕೆಟ್ಟದ್ದು ಕಂಡುಬಂದಿದೆ. 10 ಕೆ.ಜಿ. ನಾಯಿಗೆ 150 ಗ್ರಾಂ, ಅಂದರೆ ಎರಡು ಈರುಳ್ಳಿ. ಒಂದು ತೊಟ್ಟು ಸಾರಿಗೆ ಭಯಪಡಬೇಕಾಗಿಲ್ಲ. ಆದರೆ ದಿನಾ ಬಾಡಿನ ಸಾರು, ಈರುಳ್ಳಿ ಬೋಂಡ, ಗೊಜ್ಜು ಕಲಸಿ ಹಾಕುವುದು ಸರಿಯಲ್ಲ.

(4) ಬೇಯಿಸಿದ ಮೂಳೆ

"ನಾಯಿಗೆ ಮೂಳೆ ಇಷ್ಟ" ಎಂದು ಎಲ್ಲ ಪುಸ್ತಕದಲ್ಲೂ ಚಿತ್ರ ಇರುತ್ತದೆ. ಇಷ್ಟ ಇರುವುದು ನಿಜ. ಆದರೆ ಬೆಂದ ಮೂಳೆ ಒಣಗಿ ಪೆಡಸಾಗುತ್ತದೆ. ಅಗಿದಾಗ ಸೂಜಿಯಂತೆ ಸೀಳುತ್ತದೆ. ಕೋಳಿ ಮೂಳೆ ಒಳಗೆ ಟೊಳ್ಳು, ಅದು ಇನ್ನೂ ಅಪಾಯ. ಆ ಚೂರುಗಳು ಗಂಟಲಿಗೆ, ಜಠರಕ್ಕೆ, ಕರುಳಿಗೆ ಚುಚ್ಚುತ್ತವೆ ಅಥವಾ ಅಡ್ಡ ಸಿಕ್ಕಿಕೊಳ್ಳುತ್ತವೆ.

ಇದು ಬರೀ ಪುಸ್ತಕದ ಮಾತಲ್ಲ. ಹೋದ ವರ್ಷ ಯುಗಾದಿ ಮಾರನೆ ದಿನ ಹೊಸತೊಡಕಿಗೆ ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಬಾಡೂಟ. ಎಲ್ಲರೂ ಎಲೆ ಎತ್ತಿ ತಿಪ್ಪೆಗೆ ಹಾಕಿದರು. ಬೀದಿಯ ಕೆಂಚ ಎಂಬ ನಾಯಿ ಅಷ್ಟೂ ಎಲೆಗಳ ಮೂಳೆ ತಿಂದಿತು. ಮಾರನೆ ದಿನ ಅದು ಊಟ ಮುಟ್ಟಲಿಲ್ಲ. ಬೆನ್ನು ಬಿಲ್ಲಿನಂತೆ ಬಗ್ಗಿಸಿಕೊಂಡು ನಿಲ್ಲುತ್ತಿತ್ತು. ಹೊಟ್ಟೆ ಮುಟ್ಟಿದರೆ ಕುಯ್ಯೋ ಅನ್ನುತ್ತಿತ್ತು. ದೃಷ್ಟಿಯಾಗಿದೆ ಅಂತ ಒಬ್ಬರು ದೃಷ್ಟಿ ತೆಗೆದರು. ಜಂತುಹುಳ ಅಂತ ಇನ್ನೊಬ್ಬರು ಬೇವಿನ ರಸ ಕುಡಿಸಿದರು. ಮೂರನೆಯ ದಿನ ಪಶು ಡಾಕ್ಟರು ಬಂದು ನೋಡಿ, "ಮೂಳೆ ಸಿಕ್ಕಿಕೊಂಡಿದೆ ಕಣ್ರಪ್ಪ, ಮೊದಲನೇ ದಿನವೇ ಹೇಳಿದ್ದರೆ ಆಪರೇಷನ್ ಮಾಡಿಸಬಹುದಿತ್ತು" ಅಂದರು. ಅಂದು ರಾತ್ರಿ ಕೆಂಚ ಸತ್ತುಹೋಯಿತು. ಅದನ್ನು ಕಲ್ಲು ಹೊಡೆದು ಯಾರೂ ಸಾಯಿಸಲಿಲ್ಲ. ಹಬ್ಬದ ಊಟವೇ ಸಾಯಿಸಿತು. ಅದಕ್ಕೆ ಈ ವಿಷಯ ಬರೆಯಬೇಕು ಅನ್ನಿಸಿದ್ದು.

ಆದ್ದರಿಂದ ಹಬ್ಬದ ಮೂಳೆಗಳನ್ನು ತಿಪ್ಪೆ ಮೇಲೆ ಬಿಸಾಡದೆ ಮೊಳಕಾಲುದ್ದ ಗುಂಡಿ ತೋಡಿ ಹೂಳಬೇಕು. ಮೇಲೆ ಒಂದು ಚಪ್ಪಡಿ ಕಲ್ಲು ಇಟ್ಟರೆ ನಾಯಿ ಕೆದಕುವುದಿಲ್ಲ.

(5) ಕುರಿ, ಮೇಕೆಯ ಹಸಿ ಕರುಳು, ಈಲಿ, ಶ್ವಾಸಕೋಶ

ಜಾತ್ರೆ, ಹಬ್ಬದಲ್ಲಿ ಕುರಿ ಕುಯ್ದಾಗ ಬೇಡವಾದ ಭಾಗಗಳನ್ನು ಅಲ್ಲೇ ನಾಯಿಗೆ ಎಸೆಯುತ್ತಾರೆ. ಕೆಲವು ಕುರಿಗಳ ಈಲಿ ಮತ್ತು ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆಗಳಿರುತ್ತವೆ. ಅದರೊಳಗೆ ಒಂದು ಜಾತಿಯ ಲಾಡಿಹುಳುವಿನ ಮರಿಗಳಿರುತ್ತವೆ. ನಾಯಿ ಅದನ್ನು ತಿಂದರೆ ಅದರ ಕರುಳಿನಲ್ಲಿ ಹುಳು ಬೆಳೆದು, ಮೊಟ್ಟೆಗಳು ಮಲದ ಜೊತೆ ಹೊರಗೆ ಬರುತ್ತವೆ. ಆ ಮೊಟ್ಟೆ ಹುಲ್ಲಿಗೆ ಹತ್ತಿ ಕುರಿಗೆ ಹೋಗುತ್ತದೆ. ಸೊಪ್ಪಿಗೆ, ನೀರಿಗೆ, ನಾಯಿಯ ಮೈಗೆ, ನಮ್ಮ ಕೈಗೆ ಹತ್ತಿ ನಮ್ಮ ಹೊಟ್ಟೆಗೂ ಹೋಗುತ್ತದೆ. ಆಗ ಮನುಷ್ಯರ ಈಲಿಯಲ್ಲಿ, ಶ್ವಾಸಕೋಶದಲ್ಲಿ ಅದೇ ಗುಳ್ಳೆ ವರ್ಷಗಟ್ಟಲೆ ಬೆಳೆಯುತ್ತದೆ. ಎಷ್ಟೋ ಸಲ ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ. ಇದಕ್ಕೆ ಹೈಡಾಟಿಡ್ ರೋಗ ಎನ್ನುತ್ತಾರೆ.

ಕುರಿ -> ನಾಯಿ -> ಹುಲ್ಲು, ಸೊಪ್ಪು, ಕೈ -> ಕುರಿ ಮತ್ತು ಮನುಷ್ಯ

ಈ ಸರಪಳಿಯನ್ನು ಕಡಿಯುವುದು ಸುಲಭ. ಗುಳ್ಳೆ ಇರುವ ಭಾಗಗಳನ್ನು ಸುಡಬೇಕು ಅಥವಾ ಆಳವಾಗಿ ಹೂಳಬೇಕು. ನಾಯಿಗೆ ಹಸಿಯದ್ದು ಹಾಕಲೇಬಾರದು. ಡಾಕ್ಟರು ಹೇಳಿದಂತೆ ನಾಯಿಗೆ ಜಂತುಹುಳದ ಮಾತ್ರೆ ಕೊಡಿಸಬೇಕು. ನಾಯಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ನೋಡಿ, ನಾಯಿಯ ತಿಂಡಿ ನಾಯಿಗೆ ಮಾತ್ರ ಸಂಬಂಧಿಸಿದ್ದಲ್ಲ.

(6) ಬೂಜು ಹಿಡಿದ ಕಡಲೆಕಾಯಿ, ಜೋಳ, ರೊಟ್ಟಿ

ಬೂಜು ಅಂದರೆ ಶಿಲೀಂಧ್ರ. ಕಡಲೆಕಾಯಿ, ಮುಸುಕಿನ ಜೋಳಕ್ಕೆ ಹಿಡಿಯುವ ಒಂದು ಬೂಜು ಅಫ್ಲಟಾಕ್ಸಿನ್ ಎಂಬ ವಿಷ ಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ, ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯಿಂದ ಈ ವಿಷ ಪತ್ತೆಯಾಯಿತು. ನಾಯಿಯ ಈಲಿಯನ್ನು ಇದು ಕೆಡಿಸುತ್ತದೆ. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. "ಅನ್ನ ಹಳಸಿತ್ತು, ನಾಯಿ ಹಸಿದಿತ್ತು" ಎಂಬ ಗಾದೆ ನಮ್ಮಲ್ಲಿದೆ. ಗಾದೆ ಬೇರೆ ಅರ್ಥಕ್ಕೆ ಚೆನ್ನಾಗಿದೆ. ಆದರೆ ನಿಜವಾಗಿಯೂ ಹಳಸಿದ್ದನ್ನು ನಾಯಿಗೆ ಹಾಕಿದರೆ ಅದಕ್ಕೂ ವಾಂತಿಭೇದಿ ಆಗುತ್ತದೆ. ರಾತ್ರಿ ಉಳಿದ ತಂಗಳು ಕೆಡದೆ ಇದ್ದರೆ ಹಾಕಬಹುದು. ನಮ್ಮ ಮೂಗಿಗೆ ಹುಳಿ ವಾಸನೆ ಬಂದದ್ದು ತಿಪ್ಪೆಗೆ.

(7) ಸಕ್ಕರೆ ಇಲ್ಲದ ಚೂಯಿಂಗ್ ಗಮ್

ಕೆಲವು ಸಕ್ಕರೆ ಇಲ್ಲದ ಗಮ್ ಮತ್ತು ಮಿಠಾಯಿಗಳಲ್ಲಿ ಜೈಲಿಟಾಲ್ ಎಂಬ ಸಿಹಿ ಹಾಕುತ್ತಾರೆ. ಅದು ನಾಯಿಯ ಹೊಟ್ಟೆಗೆ ಹೋದರೆ ಅರ್ಧ ಗಂಟೆಯೊಳಗೇ ರಕ್ತದ ಸಕ್ಕರೆ ಕುಸಿಯಬಹುದು. ನಾಯಿ ತೂರಾಡಿ ಬೀಳುತ್ತದೆ. ಈಲಿಯೂ ಹಾಳಾಗಬಹುದು.

(8) ಕರುಳಿಗೆ ಅಡ್ಡ ಸಿಕ್ಕುವ ವಸ್ತುಗಳು

ಮಾವಿನ ವಾಟೆ, ಕಾಳು ತಿಂದ ಮೇಲೆ ಉಳಿದ ಮುಸುಕಿನ ಜೋಳದ ದಿಂಡು, ಪ್ಲಾಸ್ಟಿಕ್ ಕವರು, ಬಾಡು ಕಟ್ಟಿದ ದಾರ. ಇವು ಅರಗುವುದಿಲ್ಲ. ಕರುಳಲ್ಲಿ ಸಿಕ್ಕಿಕೊಳ್ಳುತ್ತವೆ. ಮಾವಿನ ತಿರುಳು ಒಂದು ಚೂರು ಕೊಡಬಹುದು, ವಾಟೆ ಕೊಡಬಾರದು.

(9) ಹಾಲು

ಇದು ಎಲ್ಲರಿಗೂ ಆಶ್ಚರ್ಯ. ಮರಿಗೆ ತಾಯಿ ಹಾಲು ಅರಗುತ್ತದೆ. ಬೆಳೆದ ಮೇಲೆ ಎಷ್ಟೋ ನಾಯಿಗಳಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಕಿಣ್ವ ಕಡಿಮೆಯಾಗುತ್ತದೆ. ಆಗ ಹಾಲು ಕುಡಿದರೆ ಭೇದಿ. ಮೊಸರಿನಲ್ಲಿ ಬ್ಯಾಕ್ಟೀರಿಯಾಗಳು ಆ ಸಕ್ಕರೆಯ ಒಂದು ಪಾಲನ್ನು ಮೊದಲೇ ಹುಳಿ ಮಾಡಿರುವುದರಿಂದ ಅದು ಒಗ್ಗುತ್ತದೆ.

(10) ಕರಿದದ್ದು, ಉಪ್ಪಿನಕಾಯಿ, ಸಿಹಿತಿಂಡಿ

ಬೋಂಡ, ಚಕ್ಕುಲಿ, ಕುರಿಯ ಕೊಬ್ಬು ಜಾಸ್ತಿ ತಿಂದರೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ, ಹೊಟ್ಟೆನೋವು ಬರಬಹುದು. ಒಬ್ಬಟ್ಟು, ಎಳ್ಳುಬೆಲ್ಲ ವಿಷವಲ್ಲ, ಆದರೆ ಬರೀ ಸಿಹಿ. ಹಬ್ಬ ನಮಗೆ, ನಾಯಿಗೆ ಅವತ್ತು ಒಂದು ಚೂರು ಗೆಣಸು.

ನಮ್ಮ ಶಾಲೆಯ ಬಿಸಿಯೂಟ ಮತ್ತು ನಾಯಿ

ಬಿಸಿಯೂಟದ ಹೊತ್ತಿಗೆ ಸರಿಯಾಗಿ ಶಾಲೆ ಹತ್ತಿರ ನಾಯಿಗಳು ಬಂದು ಕೂರುತ್ತವೆ. ಅವಕ್ಕೆ ಗಡಿಯಾರ ಇಲ್ಲದಿದ್ದರೂ ಬೆಲ್ ಗೊತ್ತು. ನಾವು ತಟ್ಟೆಯಲ್ಲಿ ಬಿಟ್ಟದ್ದನ್ನು ಅಲ್ಲಲ್ಲೇ ಎಸೆಯುತ್ತೇವೆ. ಇದರಿಂದ ಎರಡು ತೊಂದರೆ. ಒಂದು, ಅನ್ನಕ್ಕಾಗಿ ನಾಯಿಗಳು ಕಚ್ಚಾಡುತ್ತವೆ, ಪಕ್ಕದಲ್ಲಿ ಚಿಕ್ಕ ತರಗತಿಯ ಮಕ್ಕಳು ಇರುತ್ತಾರೆ. ಎರಡು, ಸಾಂಬಾರಿನಲ್ಲಿ ಈರುಳ್ಳಿ, ಹುಣಸೆ, ಉಪ್ಪು, ಖಾರ ಎಲ್ಲ ಇರುತ್ತದೆ.

ನನ್ನ ಸಲಹೆಗಳು ಇವು. ಮೇಷ್ಟ್ರು, ಮೇಡಂ ಅವರು ಒಪ್ಪಿದರೆ ಮಾಡಬಹುದು.

ಅ) ಮೊದಲು, ತಟ್ಟೆಯಲ್ಲಿ ಬಿಡದಂತೆ ಹಾಕಿಸಿಕೊಳ್ಳಬೇಕು. ಮೊಟ್ಟೆ, ಬಾಳೆಹಣ್ಣು ನಮ್ಮ ಬೆಳವಣಿಗೆಗೆ ಕೊಡುವುದು. ಅದನ್ನು ನಾವೇ ತಿನ್ನಬೇಕು.
ಆ) ಪಾತ್ರೆಯಲ್ಲಿ ಉಳಿದ ಬಿಳಿ ಅನ್ನವನ್ನು ಸಾಂಬಾರ್ ಕಲಸದೆ ಒಂದು ಬಕೆಟ್ಟಿಗೆ ಹಾಕಬೇಕು.
ಇ) ಎಲ್ಲರ ಊಟ ಮುಗಿದ ಮೇಲೆ ದೊಡ್ಡವರೊಬ್ಬರು ಕಾಂಪೌಂಡ್ ಹೊರಗೆ ಎರಡು ಮೂರು ಕಡೆ ದೂರ ದೂರ ಹಾಕಬೇಕು. ಒಂದೇ ಕಡೆ ಹಾಕಿದರೆ ಜಗಳ.
ಈ) ಮೊಟ್ಟೆ ಸಿಪ್ಪೆ, ಬಾಳೆ ಸಿಪ್ಪೆ ಬೇರೆ ಬೇರೆ ಬುಟ್ಟಿಗೆ.

ತಿಂಡಿ ಕೊಡುವಾಗ ನಾವು ವಹಿಸಬೇಕಾದ ಎಚ್ಚರ

ಗುರುತಿಲ್ಲದ ನಾಯಿಗೆ ಕೈಯಿಂದ ತಿನ್ನಿಸಬೇಡಿ, ನೆಲದ ಮೇಲೆ ಇಟ್ಟು ಹಿಂದೆ ಸರಿಯಿರಿ. ತಿನ್ನುತ್ತಿರುವ ನಾಯಿಯನ್ನು, ಮರಿ ಹಾಕಿದ ನಾಯಿಯನ್ನು ಮುಟ್ಟಬೇಡಿ. ತಿಂಡಿ ತೋರಿಸಿ ಆಟ ಆಡಿಸಿ ಕೊಡದೆ ಇರಬೇಡಿ. ನಾಯಿ ಕಚ್ಚಿದರೆ ಅಥವಾ ಹಲ್ಲು ತಾಗಿ ಗೀರಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬಾರದು. ಮನೆಯಲ್ಲಿ ಬೈತಾರೆ ಅಂತ ಮುಚ್ಚಿಡದೆ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕಿಸುವುದು ಹೆಚ್ಚುಕಡಿಮೆ ಆಗುವುದೇ ಇಲ್ಲ. ನಮ್ಮ ನಾಯಿಗೂ ವರ್ಷ ವರ್ಷ ಲಸಿಕೆ ಹಾಕಿಸಬೇಕು.

ನಾಯಿ ಕೆಟ್ಟದ್ದು ತಿಂದರೆ ಏನು ಮಾಡಬೇಕು?

ಲಕ್ಷಣಗಳು: ಪದೇ ಪದೇ ವಾಂತಿ, ರಕ್ತಭೇದಿ, ಜೊಲ್ಲು, ನಡುಕ, ತೂರಾಟ, ಹೊಟ್ಟೆ ಉಬ್ಬರ, ಬಿಳಿಚಿದ ವಸಡು, ಮೂತ್ರ ಕಟ್ಟುವುದು.

1. ಬಾಯಲ್ಲಿ ಉಳಿದಿರುವುದನ್ನು, ನೆಲದ ಮೇಲಿರುವುದನ್ನು ತಿನ್ನದಂತೆ ದೂರ ಮಾಡಿ. ಕಚ್ಚುವ ಹಾಗಿದ್ದರೆ ಬಾಯಿಗೆ ಕೈ ಹಾಕಬೇಡಿ.
2. ಏನು ತಿಂತು, ಎಷ್ಟು ತಿಂತು, ಎಷ್ಟು ಹೊತ್ತಿಗೆ ತಿಂತು ಅಂತ ಬರೆದುಕೊಳ್ಳಿ. ಕವರು ಇದ್ದರೆ ಎತ್ತಿಟ್ಟುಕೊಳ್ಳಿ.
3. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಪ್ಪೇ ಹೆಚ್ಚಾಗಿ ತೊಂದರೆ ಆಗುತ್ತದೆ. ಮೂಳೆ ತಿಂದಿದ್ದರೆ ವಾಂತಿಯಲ್ಲಿ ಗಂಟಲು ಸೀಳುತ್ತದೆ.
4. ನಮ್ಮ ನೋವಿನ ಮಾತ್ರೆ, ಜ್ವರದ ಮಾತ್ರೆ ಕೊಡಬೇಡಿ. ಅವೂ ನಾಯಿಗೆ ವಿಷ ಆಗಬಹುದು.
5. ಕೂಡಲೇ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ 1962 ನಂಬರಿಗೆ ಫೋನ್ ಮಾಡಿ ಕೇಳಿ. "ನಾಳೆ ನೋಡೋಣ" ಅನ್ನಬೇಡಿ. ಕೆಂಚನಿಗೆ ಆ ನಾಳೆ ಸಾಲಲಿಲ್ಲ.

ಉಪಸಂಹಾರ

ನಾಯಿಗೆ ಬಾಯಿದ್ದರೂ "ಇದು ನನಗೆ ಒಗ್ಗಲ್ಲ" ಅಂತ ಹೇಳಲು ಬರುವುದಿಲ್ಲ. ನಾವು ಕೈಯಲ್ಲಿ ಏನು ಹಿಡಿದರೂ ನಂಬಿ ತಿನ್ನುತ್ತದೆ. ನಂಬಿದವರಿಗೆ ತಿಳಿದು ಕೊಡುವುದು ನಮ್ಮ ಕರ್ತವ್ಯ. ದುಡ್ಡು ಬೇಕಾಗಿಲ್ಲ. ಒಂದು ಚೂರು ಗೆಣಸು, ಒಂದು ಗೋಲಿ ಮುದ್ದೆ, ಒಂದು ಬಟ್ಟಲು ನೀರು ಸಾಕು. ಜೊತೆಗೆ ಹಬ್ಬದ ದಿನ ಒಂದು ಗುಂಡಿ ತೋಡುವಷ್ಟು ಮನಸ್ಸಿರಬೇಕು.

ನೆನಪಿಡಿ

* ತಿಂಡಿ: ನೂರಕ್ಕೆ ಹತ್ತು, ಅದರ ಮೇಲೆ ಬೇಡ ಒತ್ತು.
* ಉಪ್ಪಿಲ್ಲ, ಖಾರವಿಲ್ಲ, ಮೂಳೆಯಿಲ್ಲ, ಬೂಜಿಲ್ಲ.
* ಚಾಕಲೇಟು, ದ್ರಾಕ್ಷಿ, ಈರುಳ್ಳಿ: ನಾಯಿಯ ಮೂರು ಶತ್ರುಗಳು.
* ನಾಯಿ ಮುಟ್ಟಿದ ಕೈ, ಸೋಪಿಗೆ ಕೊಡು ಕೈ.

ಪ್ರಶ್ನೆಗಳು (ಉತ್ತರ ಬರೆದು ಪತ್ರಿಕೆ ಪಕ್ಕದ ಡಬ್ಬಿಗೆ ಹಾಕಿ)

1. ದ್ರಾಕ್ಷಿಯಲ್ಲಿಯೂ ಹುಣಸೆಹಣ್ಣಿನಲ್ಲಿಯೂ ಇರುವ ಆಮ್ಲ ಯಾವುದು?
2. 4 ಕೆ.ಜಿ. ತೂಕದ ಮರಿಗೆ ಎಷ್ಟು ಗ್ರಾಂ ಕಪ್ಪು ಚಾಕಲೇಟಿನಿಂದ ಕಾಯಿಲೆ ಶುರುವಾಗಬಹುದು? ಲೆಕ್ಕ ತೋರಿಸಿ.
3. ಹೈಡಾಟಿಡ್ ರೋಗದ ಸರಪಳಿಯನ್ನು ಚಿತ್ರ ಬರೆದು ವಿವರಿಸಿ. ಅದನ್ನು ಎಲ್ಲೆಲ್ಲಿ ಕಡಿಯಬಹುದು?
4. ಬೆಳೆದ ನಾಯಿಗೆ ಹಾಲಿಗಿಂತ ಮೊಸರು ಏಕೆ ಒಳ್ಳೆಯದು?
5. ಬಿಟ್ಟ ಸ್ಥಳ ತುಂಬಿ: ಆತಕೂರಿನ ಶಾಸನದಲ್ಲಿ ಬರುವ ನಾಯಿಯ ಹೆಸರು ________.

ಚಟುವಟಿಕೆ: ನಿಮ್ಮ ಮನೆಯ ಅಥವಾ ಬೀದಿಯ ನಾಯಿ ಒಂದು ವಾರ ಏನೇನು ತಿಂತು ಅಂತ ದಿನಾ ಬರೆದಿಡಿ. ಈ ಲೇಖನದ ಪಟ್ಟಿ ಜೊತೆ ಹೋಲಿಸಿ, ಸರಿಯಾದದ್ದಕ್ಕೆ ಹಸಿರು ಬಣ್ಣ, ತಪ್ಪಾದದ್ದಕ್ಕೆ ಕೆಂಪು ಬಣ್ಣ ಹಾಕಿ ವಿಜ್ಞಾನ ಮೇಷ್ಟ್ರಿಗೆ ತೋರಿಸಿ.